ಮೂಗಿಲ್ಲದವಳು ಬರೆದ ಚಾ ಪೋಸ್ಟುಗಳು

ನೇರ ಹೇಳಿಬಿಡ್ತೇನೆ, ಆಮೇಲೆ ಬೈಯುವುದಿದ್ರೆ ಬೈಯಿರಿ. ಕಳೆದ ನಾಲ್ಕು ವರ್ಷದಿಂದ ನಾನು ಈ ಪೇಜಿನಲ್ಲಿ ಚಾದ ಬಗ್ಗೆ ಬರೆದದ್ದೆಲ್ಲ ಸುಳ್ಳು. ಡಾರ್ಜಿಲಿಂಗ್ ಎಲೆಗೆ ಮಾಗಿದ ದ್ರಾಕ್ಷಿ ಪರಿಮಳ ಅಂತ ಬರೆದೆ. ನೀಲಗಿರಿಯ ಚಳಿಗಾಲದ ಎಲೆ ಬಿಸಿನೀರಿಗೆ ಬಿದ್ದ ಕೂಡಲೇ ಮಲ್ಲಿಗೆ ಬುಟ್ಟಿ ಬಿಚ್ಚಿದ ಹಾಗೆ ಅಂತ ಬರೆದೆ. ನೀವು ಹಾರ್ಟ್ ಒತ್ತಿದ್ರಿ. "ಅಕ್ಕಾ, ಓದುವಾಗಲೇ ಮೂಗಿಗೆ ಬಂತು" ಅಂತ ಕಮೆಂಟ್ ಹಾಕಿದ್ರಿ. ನಿಮ್ಮ ಮೂಗಿಗೆ ಬಂದಿರಬಹುದು. ನನ್ನ ಮೂಗಿಗೆ ಏನೂ ಬರುವುದಿಲ್ಲ. ಮಲ್ಲಿಗೆಯೂ ಒಂದೇ, ಕಲ್ಯಾಣ ಸ್ಟೇಷನ್ನಿನ ಬ್ರಿಜ್ಜಿನ ಕೆಳಗಿನ ಗಬ್ಬು ಮೂಲೆಯೂ ಒಂದೇ.

ಲೈಕಿಗಾಗಿ ಸುಳ್ಳು ಹೇಳಿದೆ ಅಂತ ತಿಳಿಯಬೇಡಿ. ನಿಮಗೆ ಹೇಳಿದ ಸುಳ್ಳು ಸಣ್ಣದು. ದೊಡ್ಡ ಸುಳ್ಳು ಬೇರೆಯವರಿಗೆ ಹೇಳಿದ್ದು. ಅದನ್ನು ಹೇಳಲಿಕ್ಕೇ ಇವತ್ತು ಕೂತದ್ದು.

ನಮ್ಮದು ಕಾಫಿ ಮನೆ. ಉಡುಪಿ ಕಡೆಯವರು, ಆದ್ರೆ ನಾನು ಹುಟ್ಟಿದ್ದು ಬೆಳೆದದ್ದು ಡೊಂಬಿವಲಿಯಲ್ಲೇ. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಮರಾಠಿ. ಅಮ್ಮನಿಗೆ ಚಾ ಅಂದ್ರೆ ಜ್ವರ ಬಂದಾಗ ಶುಂಠಿ ಹಾಕಿ ಕುದಿಸುವ ಕಷಾಯ. ಅಪ್ಪ ಠಾಣೆಯಲ್ಲಿ ಹೋಟೆಲಲ್ಲಿದ್ರು, ಕಾಫಿ ಬಿಟ್ಟು ಬೇರೆ ಮುಟ್ಟಿದವರಲ್ಲ. ಇಂಥ ಮನೆಯ ಹುಡುಗಿ ಹತ್ತೊಂಬತ್ತನೇ ವರ್ಷಕ್ಕೆ ಕಲ್ಯಾಣದಲ್ಲಿ ಟೈಪಿಂಗ್ ಕ್ಲಾಸ್ ಮುಗಿಸಿ ಬರುವಾಗ ಮಳೆ ಬಂತು ಅಂತ ಒಂದು ಅಂಗಡಿಯ ತಾಡಪಾಲಿನ ಕೆಳಗೆ ನಿಂತಳು. ಅಲ್ಲಿಗೆ ಮುಗೀತು ಕಥೆ.

ಸ್ಟೇಷನ್ ಪಶ್ಚಿಮದ ಗಲ್ಲಿ. ಸಡಿಲ ಚಾ ಪುಡಿ ಮಾರುವ ಅಂಗಡಿ, ಇಬ್ಬರು ನಿಂತ್ರೆ ಮೂರನೆಯವರಿಗೆ ಜಾಗ ಇಲ್ಲ. ಒಳಗೆ ತಗಡಿನ ಡಬ್ಬಗಳು, ದಪ್ಪ ಕಾಳಿನದ್ದು, ಸಣ್ಣದ್ದು, ಎಲೆಯದ್ದು. ಈ ಕಡೆ ಜನ ಪ್ಯಾಕೆಟ್ ತಗೊಳ್ಳುವುದಿಲ್ಲ. ಇದು ಅರ್ಧ, ಅದು ಕಾಲು ಅಂತ ತಮ್ಮ ಮನೆಯ ಮಿಕ್ಸ್ ಮಾಡಿಸಿಕೊಳ್ತಾರೆ. ಆ ಅಂಗಡಿಯವರು ಪ್ರತಿ ಮನೆಯ ಮಿಕ್ಸ್ ತಲೆಯಲ್ಲೇ ಇಟ್ಟುಕೊಂಡಿದ್ರು. ಅವತ್ತು ನಾನು ನಡುಗುವುದು ನೋಡಿ ಬಿಳಿ ಕಪ್ಪಿನಲ್ಲಿ ಹಾಲಿಲ್ಲದ, ಸಕ್ಕರೆ ಇಲ್ಲದ, ಜೇನಿನ ಬಣ್ಣದ ಏನೋ ಒಂದು ಕೊಟ್ರು. ಕುಡಿದೆ. ಅವರು ನನ್ನ ಮುಖ ನೋಡಿ ಒಂದೇ ಮಾತು ಹೇಳಿದ್ರು.

"ಹೇಳು."

ಏನು ಹೇಳುವುದು? ನಾನು ಪೆದ್ದಿಯ ಹಾಗೆ, ಹಸಿ ಹುಲ್ಲು ಕೊಯ್ದ ವಾಸನೆ, ಹಿಂದಿನಿಂದ ಯಾವುದೋ ಹಣ್ಣು ಅಂದೆ. ಮಾತಾಡಿದ್ದು ಕನ್ನಡದಲ್ಲಿ, ಯಾಕಂದ್ರೆ ಅವರ ಆ ಒಂದು ಶಬ್ದವೇ ಸಾಕಿತ್ತು ನಮ್ಮವರು ಅಂತ ಗೊತ್ತಾಗಲಿಕ್ಕೆ. ಅವರು ನಕ್ಕು, ಹಣ್ಣು ಯಾವುದಂತ ನಾಳೆ ಬಂದು ಹೇಳು ಅಂದ್ರು. ಮರುದಿನ ಹೋದೆ. ಆಮೇಲೆ ಮೂವತ್ತು ವರ್ಷಕ್ಕಿಂತ ಜಾಸ್ತಿ ಹೋದೆ, ಹೆಚ್ಚುಕಡಿಮೆ ಪ್ರತಿ ಭಾನುವಾರ. ಮದುವೆ ಆಯ್ತು, ಮಗಳು ಹುಟ್ಟಿದಳು, ಠಾಣೆಯ ಮಾಜಿವಾಡಾ ಹತ್ತಿರ ಆಫೀಸ್ ಕೆಲಸ ಸಿಕ್ಕಿತು. ಭಾನುವಾರ ಬೆಳಿಗ್ಗೆ ಕಲ್ಯಾಣ ಮಾತ್ರ ತಪ್ಪಲಿಲ್ಲ. ನನ್ನ ಗಂಡ ಜನರಿಗೆ ಹೇಳುವುದು ಉಂಟು, "ಬೇರೆ ಹೆಂಗಸರು ದೇವಸ್ಥಾನಕ್ಕೆ ಹೋಗ್ತಾರೆ, ಇವಳು ಚಾಪುಡಿ ಮೂಸ್ಲಿಕ್ಕೆ ಹೋಗ್ತಾಳೆ."

ಅಂಗಡಿಯವರನ್ನು ನಾನು ಕಾಕಾ ಅಂತ ಕರೆಯುವುದು. ವಿಜಯಪುರ ಕಡೆಯವರು. ಹರೆಯದಲ್ಲಿ ಹಮಾಲಿ ಕೆಲಸಕ್ಕೆ ಬಂದವರು. ತುರ್ಭೆ ಕಡೆಯ ಒಂದು ಚಾ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತರು. ಅಲ್ಲಿ ಒಂದು ಪದ್ಧತಿ ಇತ್ತಂತೆ: ಪೆಟ್ಟಿಗೆ ಒಡೆದಾಗ ನೆಲಕ್ಕೆ ಚೆಲ್ಲಿದ್ದನ್ನು ಸಂಜೆ ಗುಡಿಸಿ ಹಮಾಲರು ಹಂಚಿಕೊಳ್ಳುವುದು. ಉಳಿದವರು ಎಲ್ಲ ಒಟ್ಟಿಗೆ ಕುದಿಸಿ ಕುಡಿದ್ರೆ, ಕಾಕಾ ಮಾತ್ರ ಯಾವ ಪೆಟ್ಟಿಗೆಯ ಕೆಳಗೆ ಯಾವ ಪುಡಿ ಅಂತ ಬೇರೆ ಬೇರೆ ಚೀಟಿಯಲ್ಲಿ ಕಟ್ಟಿಕೊಂಡು ಹೋಗ್ತಿದ್ರು. ಹಾಗೆ ಕಲಿತದ್ದು. ಗುಡಿಸಿದ ಕಸದಿಂದ. ಅದಕ್ಕೇ ಅವರು ಒಂದು ಚಿಟಿಕೆ ಎಲೆಯನ್ನೂ ಚೆಲ್ಲುವವರಲ್ಲ, ಕೌಂಟರಿನ ಮೇಲೆ ಬಿದ್ದದ್ದನ್ನು ಕಾಗದದ ಅಂಚಿನಲ್ಲಿ ಒಟ್ಟುಮಾಡಿ ವಾಪಸ್ ಡಬ್ಬಕ್ಕೆ ಹಾಕ್ತಾರೆ.

ನನಗೂ ಹಾಗೇ ಕಲಿಸಿದ್ರು. ಒಣ ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಂದ ಬಿಸಿಯುಸಿರು ಊದಿ ಕೂಡಲೇ ಮೂಗಿಗೆ ಹಿಡಿಯಬೇಕು. ನೆನೆದ ಎಲೆಯ ಮುಚ್ಚಳ ತೆಗೆದ ಮೊದಲ ಹಬೆ ಬಿಡಬಾರದು. ಕುಡಿಯುವಾಗ ಸೊರ್ರ್ ಅಂತ ಎಳೆಯಬೇಕು, ಮರ್ಯಾದೆ ಬದಿಗಿಟ್ಟು. ಎಲ್ಲಕ್ಕಿಂತ ಮೊದಲ ಪಾಠ, ಚಾವನ್ನು ವಾಸನೆ ಇರುವ ಯಾವುದರ ಪಕ್ಕವೂ ಇಡಬಾರದು. "ಚಾ ಭಾಳ ಕಳ್ಳ ಐತಿ ತಂಗಿ. ಬಾಜೂದವರ ವಾಸ್ನಿ ಕದ್ದು ಮೈತುಂಬ ಹಚ್ಚಿಕೊಂಡು ಬಿಡತೈತಿ." ಆ ಅಂಗಡಿಯಲ್ಲಿ ಊದುಬತ್ತಿ ಹಚ್ಚುವುದಿಲ್ಲ. ದೇವರಿಗೂ ಬರೀ ಹೂವು.

ಅಂಗಡಿ ನಡೆಯುವುದು ಮನೆಮನೆಯ ಮಿಕ್ಸಿನಿಂದ. ಆದ್ರೆ ಕಾಕಾನ ಜೀವ ಇದ್ದದ್ದು ಮೇಲಿನ ಒಂದು ಶೆಲ್ಫಿನಲ್ಲಿ. ಅಲ್ಲಿ ಒಳ್ಳೆ ಎಲೆ. ವರ್ಷಕ್ಕೆ ಎರಡು ಸಲ ಸ್ವಲ್ಪವೇ ತರಿಸ್ತಿದ್ರು, ಹತ್ತು ಹನ್ನೆರಡು ಮನೆಗೆ ಅಂತಲೇ. ಒಬ್ಬರು ರಿಟೈರ್ಡ್ ಟೀಚರ್ ಬಾಯಿ, ಒಬ್ಬರು ಹಲ್ಲಿನ ಡಾಕ್ಟರು, ಹೀಗೆ. ಅದರಿಂದ ಲಾಭ ಏನೂ ಇಲ್ಲ. ಮತ್ತೆ ಯಾಕೆ ಅಂತ ಕೇಳಿದ್ರೆ, "ಅದು ಇಲ್ಲಂದ್ರ ನಾ ಹಮಾಲನ ಅಲ್ಲೇನು?" ಅಂತಿದ್ರು.

ಇನ್ನು ನನ್ನ ಮೂಗಿನ ಕಥೆ. ಎಲ್ಲರಿಗೂ ಬಂದ ಆ ಜ್ವರ ನನಗೂ ಬಂತು. ಎಲ್ಲರಿಗೂ ವಾಸನೆ ಹೋಯ್ತು, ನನ್ನದೂ ಹೋಯ್ತು. ಗಂಡನಿಗೆ ಹದಿನೈದು ದಿನದಲ್ಲಿ ವಾಪಸ್ ಬಂತು, ಮಗಳಿಗೆ ವಾರದಲ್ಲಿ. ನಾನು ಕಾದೆ. ಆಫೀಸಿಗೆ ಹೋಗಲು ಶುರುಮಾಡಿದ ಮೇಲೆ ಒಂದು ದಿನ ಸ್ಲೋ ಟ್ರೇನಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ದಿವಾ ಬಿಟ್ಟ ಮೇಲೆ ಖಾಡಿಯ, ಅಂದ್ರೆ ಸಮುದ್ರದ ಹಿನ್ನೀರಿನ, ಆ ಕೊಳೆತ ಉಪ್ಪು ವಾಸನೆ ಬರುತ್ತದಲ್ಲ, ಅದರಲ್ಲೇ ನನಗೆ ಮುಂಬ್ರಾ ಬಂತು ಅಂತ ಗೊತ್ತಾಗುವುದು. ಅವತ್ತು ಕಣ್ಣು ಬಿಟ್ಟಾಗ ಠಾಣೆ. ಇಡೀ ಖಾಡಿ ದಾಟಿದ್ದೇ ಗೊತ್ತಾಗಲಿಲ್ಲ. ಲೇಡೀಸ್ ಡಬ್ಬದ ಬಾಗಿಲಲ್ಲಿ ನಿಂತು ಅಳು ಬಂತು ಮಾರಾಯ್ರೆ, ಗಬ್ಬು ವಾಸನೆಗಾಗಿ.

ಠಾಣೆಯ ಡಾಕ್ಟರು ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ, ಇವನ್ನು ದಿನಕ್ಕೆ ಎರಡು ಸಲ ಮೂಸಿ ಅಂದ್ರು. ನರ ಎಚ್ಚರ ಆಗಲೂಬಹುದು, ಆಗದೇ ಇರಲೂಬಹುದು ಅಂದ್ರು. ನಾಲ್ಕು ಸಣ್ಣ ಬಾಟ್ಲಿ ಬಚ್ಚಲಿನ ಕನ್ನಡಿ ಹತ್ತಿರ ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆಯೂ ಮೂಸಿದೆ. ಬಾಟ್ಲಿ ಬದಲಾಯಿಸಿ ಕೊಟ್ರೂ ನನಗೆ ಗೊತ್ತಾಗುವುದಿಲ್ಲ. ನಾಲಿಗೆಗೆ ಸಿಹಿ ಉಂಟು, ಕಹಿ ಉಂಟು, ಉಪ್ಪು ಹುಳಿ ಉಂಟು. ಚಾ ಒಗರೋ ಅಲ್ಲವೋ ಹೇಳಬಲ್ಲೆ. ಆದ್ರೆ ಚಾ ಇರುವುದೇ ಮೂಗಿನಲ್ಲಿ. ಉಳಿದದ್ದು ಬಿಸಿನೀರು.

ಕಾಕಾನಿಗೆ ಹೇಳಬೇಕಿತ್ತು. ಹೇಳ್ತೇನೆ ಹೇಳ್ತೇನೆ ಅಂತ ಮೊದಲ ಆರು ತಿಂಗಳು ಹೋಯ್ತು. ಜ್ವರದ ಹೆದರಿಕೆಯಲ್ಲಿ ಅಂಗಡಿಗೇ ಹೋಗಲಿಲ್ಲ ಅನ್ನಿ. ಅಷ್ಟರಲ್ಲಿ ಕಾಕಾನಿಗೆ ಗಂಟಲಲ್ಲಿ ಗಡ್ಡೆ ಅಂತ ಸುದ್ದಿ ಬಂತು. ಆಪರೇಷನ್ ಬೇಡ, ಶೇಕ, ಅಂದ್ರೆ ರೇಡಿಯೇಷನ್, ಕೊಡ್ತೇವೆ ಅಂದ್ರಂತೆ. ವಾರಗಟ್ಟಲೆ ಶೇಕ ಕೊಟ್ಟು ಗಡ್ಡೆ ಕರಗಿಸಿದ್ರು, ಜೊತೆಗೆ ಬಾಯಿಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಸುಟ್ಟುಬಿಟ್ರು. ಅಂಗಡಿ ಮತ್ತೆ ತೆಗೆದ ದಿನ ನೋಡಲಿಕ್ಕೆ ಹೋದೆ. ಅರ್ಧ ಆಗಿದ್ರು. ಕೊರಳು ಕರ್ರಗೆ, ದನಿ ಮರದ ಬಾಗಿಲು ಎಳೆದ ಹಾಗೆ. ನಾನು ಹೇಳಬೇಕು ಅಂತಲೇ ಹೋಗಿದ್ದೆ, ದೇವರಾಣೆ. ಇಬ್ಬರೂ ಕೂತು ಒಂದು ಸಲ ಅತ್ತುಬಿಡುವ ಅಂತ ಲೆಕ್ಕ ಹಾಕಿದ್ದೆ. ಅವರೇ ಮೊದಲು ಮಾತಾಡಿದ್ರು.

"ಎಲ್ಲಾ ಬೂದಿ ಬಾಯಾಗ ಹಾಕ್ಕೊಂಡಂಗ ಆಗೈತಿ ತಂಗಿ. ಅಂಗಡಿ ಮುಚ್ಚಿ ಬಿಡೂದ ಅಂದಿದ್ದೆ. ಆಮ್ಯಾಲ ನೆನಪಾತು, ನಿನ್ನ ಮೂಗ ಐತಲ್ಲ."

ನಾನು ಹೌದು ಅಂತ ತಲೆ ಆಡಿಸಿದೆ. ಅಷ್ಟೇ ಮಾಡಿದ್ದು. ಆ ಒಂದು ತಲೆ ಆಡಿಸಿದ್ದಕ್ಕೆ ಎರಡೂವರೆ ವರ್ಷ ನಡೆಯಿತು ಈ ನಾಟಕ.

ಭಾನುವಾರ ಕಾಕಾ ಬಿಳಿ ಕಪ್ಪುಗಳನ್ನು ಸಾಲಾಗಿ ಇಡ್ತಿದ್ರು. ಕಾದ ನೀರು, ಐದು ನಿಮಿಷ, ಮುಚ್ಚಳ. ನಾನು ಊದಿ ಮೂಸುವುದು, ಸೊರ್ರ್ ಅಂತ ಎಳೆಯುವುದು, ಕಣ್ಣು ಮುಚ್ಚುವುದು. "ಹೇಳು" ಅಂತ ಅವರು. ಬಣ್ಣ ನೋಡಿ, ಎಲೆಯ ತಿರುಚು ನೋಡಿ, ಒಗರು ಅಳೆದು ನಾನು ಅಂದಾಜು ಮಾಡ್ತಿದ್ದೆ. ಮೂವತ್ತು ವರ್ಷದ ಅಭ್ಯಾಸ, ಅರ್ಧ ಸರಿ ಬರ್ತಿತ್ತು. ಉಳಿದರ್ಧಕ್ಕೆ ಹಿಂದಿನ ರಾತ್ರಿ ನನ್ನದೇ ಹಳೆ ಪೋಸ್ಟ್ ಓದಿ ಹೋಗ್ತಿದ್ದೆ, ಪರೀಕ್ಷೆಗೆ ಓದಿದ ಹಾಗೆ. ಮಾವಿನ ಹೂವು, ಹೊಸ ಗೋಣಿಚೀಲ, ಮಳೆ ಬಿದ್ದ ಚಿಕ್ಕು ಸಿಪ್ಪೆ ಅಂತೆಲ್ಲ ಹೇಳ್ತಿದ್ದೆ. ಕಾಕಾ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನಾನು ಹೇಳಿದ್ದನ್ನೇ ಕೇಳ್ತಾ ಕೂತಿರ್ತಿದ್ರು. ನಾನು ಜಾಸ್ತಿ ಹೇಳಿದಷ್ಟು ಅವರ ಮುಖ ಬಿಚ್ಚಿಕೊಳ್ತಿತ್ತು. ಅದನ್ನು ನೋಡಿ ನಾನು ಇನ್ನೂ ಎರಡು ಮಾತು ಸೇರಿಸ್ತಿದ್ದೆ. ಪೋಸ್ಟ್ ಕೂಡ ಅಲ್ಲಿಂದಲೇ ಹುಟ್ಟುತ್ತಿತ್ತು. ಕಾಕಾನಿಗೆ ಹೇಳಿದ ಸುಳ್ಳನ್ನೇ ಸ್ವಲ್ಪ ಇಸ್ತ್ರಿ ಮಾಡಿ ನಿಮಗೆ ಕೊಟ್ಟದ್ದು.

ಮನೆಯಲ್ಲಿ ಗಂಡನಿಗೆ ಗೊತ್ತಿತ್ತು. "ಹೇಳಿ ಮುಗಿಸು ಒಂದು ಸಲ" ಅಂತ ಎಷ್ಟೋ ಸಲ ಅಂದರು. ಕಾಫಿ ಕುಡಿಯುವವರಿಗೆ ಇದೆಲ್ಲ ಸುಲಭ. ಪುಣೆಯಲ್ಲಿರುವ ಮಗಳು ಫೋನಿನಲ್ಲಿ, "ಮಮ್ಮಿ, ಇಟ್ಸ್ ಜಸ್ಟ್ ಚಾಯ್ ಯಾರ್" ಅಂದಳು. ಅವಳಿಗೆ ಕನ್ನಡ ಅರ್ಥ ಆಗ್ತದೆ, ಮಾತಾಡುವುದು ಹೀಗೆ. ಅವತ್ತು ಅವಳ ಮೇಲೆ ಬಂದ ಸಿಟ್ಟು ಯಾರ ಮೇಲೂ ಬಂದದ್ದಿಲ್ಲ.

ಕಳೆದ ಮಳೆಗಾಲಕ್ಕೆ ಬರ್ತೇನೆ. ಡಾರ್ಜಿಲಿಂಗಿನ ಎರಡನೇ ಕೊಯ್ಲಿನ ಎಲೆ ಬಂದಿತ್ತು, ಎರಡು ಚೀಲ. ಸ್ಯಾಂಪಲ್ ನೋಡಲಿಕ್ಕೆ ಅಂತ ಕಾಕಾ ಎರಡನ್ನೂ ಒಡೆದು, ಬಾಯಿ ಮಡಚಿ ಕ್ಲಿಪ್ ಹಾಕಿಟ್ಟಿದ್ರು. ಅದೇ ವಾರ ಮಳೆ ಹಿಡಿಯಿತು. ಗಲ್ಲಿಯಲ್ಲಿ ಮೊಣಕಾಲು ನೀರು, ಅಂಗಡಿಯ ತಗಡಿನ ಮಾಡಿನಿಂದ ಸೋರಿ ಗೋಡೆ ಹಸಿ. ಕಾಕಾ ಫೋನ್ ಮಾಡಿ, ಮೇಲಿನ ಶೆಲ್ಫಿನದನ್ನು ನಿನ್ನ ಮನೆಯಲ್ಲಿ ಇಟ್ಟುಕೋ, ಇಲ್ಲಿ ಬೂಸ್ಟು ಹಿಡಿಯುತ್ತದೆ ಅಂದ್ರು. ನಾನು ರಿಕ್ಷಾ ಮಾಡಿಕೊಂಡು ಹೋಗಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಗುವಿನ ಹಾಗೆ ಎತ್ತಿಕೊಂಡು ಬಂದೆ.

ನಮ್ಮದು ಟಾಪ್ ಫ್ಲೋರ್. ನಮ್ಮ ಮನೆಯೂ ಹಸಿಯೇ. ಇಡೀ ಮನೆಯಲ್ಲಿ ಒಣ ಜಾಗ ಅಂದ್ರೆ ಒಂದೇ, ಬೆಡ್‌ರೂಮಿನ ಸ್ಟೀಲ್ ಕಪಾಟಿನ ಮೇಲಿನ ಖಾನೆ. ಅಲ್ಲಿ ಮದುವೆಯ ರೇಷ್ಮೆ ಸೀರೆಗಳು. ಅದರ ನಡುವೆ ಚೀಲಗಳನ್ನು ಮೆತ್ತಗೆ ಕೂರಿಸಿದೆ. ಎಷ್ಟು ಸಮಾಧಾನ ಆಯ್ತು ಅಂದ್ರೆ, ಬಾಗಿಲು ಹಾಕಿ ಚಿಲಕ ಎರಡು ಸಲ ನೋಡಿದೆ.

ಹೆಂಗಸರಿಗೆ ಆಗಲೇ ಗೊತ್ತಾಗಿರ್ತದೆ. ಮಳೆಗಾಲಕ್ಕೆ ಮೊದಲು ಸೀರೆ ಕಪಾಟಿಗೆ ಏನು ಹಾಕ್ತೇವೆ? ನುಸಿಗುಳಿಗೆ. ಆ ತಿಂಗಳಷ್ಟೇ ಹೊಸ ಪೊಟ್ಟಣ ಒಡೆದು ಪ್ರತಿ ಮಡಿಕೆಯಲ್ಲಿ ಎರಡೆರಡು ಇಟ್ಟಿದ್ದೆ, ಈ ಕೈಯಲ್ಲೇ. ಮೂಗು ಇದ್ದವಳು ಆ ಬಾಗಿಲು ತೆಗೆದ ಕೂಡಲೇ ಹಿಂದೆ ಸರಿಯುತ್ತಾಳೆ. ಚಾ ಬಿಡಿ, ಬಿಸ್ಕಿಟ್ ಕೂಡ ಇಡುವುದಿಲ್ಲ. ನಾನು ಇಟ್ಟೆ. ಮೂವತ್ತು ವರ್ಷ ಮೊದಲ ಪಾಠ ಬಾಯಿಪಾಠ ಮಾಡಿದವಳು, ಚಾ ನಾಲ್ಕು ನೂರು ಮೈಲಿ ದೂರದಿಂದಲೂ ವಾಸನೆ ಕದಿಯುತ್ತದೆ ಅಂತ ನಿಮಗೆ ಪೋಸ್ಟ್ ಬರೆದವಳು, ಹದಿನೆಂಟು ದಿನ ಆ ಎಲೆಯನ್ನು ಅಲ್ಲಿ ಇಟ್ಟೆ. ಗಂಡ ಬಾಗಿಲು ತೆಗೆದಿದ್ದಾರೆ, ಮುಚ್ಚಿದ್ದಾರೆ. ಅವರ ಪಾಲಿಗೆ ಸೀರೆ ಕಪಾಟಿನಲ್ಲಿ ಸೀರೆ ಕಪಾಟಿನ ವಾಸನೆ, ಅಷ್ಟೇ.

ಮಳೆ ಬಿಟ್ಟ ಭಾನುವಾರ ವಾಪಸ್ ಒಯ್ದೆ. ಪೊಟ್ಟಣ ಕಟ್ಟುವ ಮೊದಲು ಕಾಕಾ ಪದ್ಧತಿಯಂತೆ ಒಂದು ಕಪ್ ಮಾಡಿದ್ರು. ಊದಿದೆ, ಮೂಸಿದೆ, ಸೊರ್ರ್ ಅಂತ ಎಳೆದೆ. ಹೇಳು ಅಂದ್ರು. ಹೇಳಿದೆ. ಮಾಗಿದ ಕರಿ ದ್ರಾಕ್ಷಿ ಅಂದೆ, ಹಿಂದಿನಿಂದ ಮಾವಿನ ಹೂವು ಅಂದೆ. ಈ ವರ್ಷದ್ದು ಹೋದ ವರ್ಷಕ್ಕಿಂತ ಚೆನ್ನಾಗುಂಟು ಅಂತ ಬೇರೆ ಸೇರಿಸಿದೆ. ಕಾಕಾ ಆ ಗುಟುಕನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡ್ರು. ಆಮೇಲೆ ತಮ್ಮ ಕೈಯಾರೆ ಹನ್ನೊಂದು ಮನೆಗೆ ಪೊಟ್ಟಣ ಕಟ್ಟಿದ್ರು, ದಾರ ಸುತ್ತಿ, ಮೇಲೆ ಹೆಸರು ಬರೆದು.

ಮೊದಲು ವಾಪಸ್ ತಂದದ್ದು ಟೀಚರ್ ಬಾಯಿ. ಮೆತ್ತಗಿನ ಹೆಂಗಸು, ಎಂಬತ್ತರ ಹತ್ತಿರ ಇರಬಹುದು. ಪೊಟ್ಟಣ ಕೌಂಟರಿನ ಮೇಲಿಟ್ಟು, ಯಜಮಾನರು ಹೋದ ಮೇಲೆ ಅವರ ಕೋಟಿನ ಕಪಾಟು ತೆರೆದ್ರೆ ಇದೇ ವಾಸನೆ ಬರ್ತಿತ್ತು, ಈ ಚಾ ನನಗೆ ಕುಡಿಯಲಿಕ್ಕೆ ಆಗುವುದಿಲ್ಲ ಅಂದ್ರಂತೆ. ಕಾಕಾ ಅವರ ಮೇಲೆ ರೇಗಿದ್ರು. ಜೀವಮಾನದಲ್ಲಿ ಗಿರಾಕಿ ಮೇಲೆ ದನಿ ಎತ್ತದವರು, ಮೂವತ್ತು ವರ್ಷದ ಗಿರಾಕಿಗೆ, ನಿಮ್ಮ ಮೂಗೇ ಕೆಟ್ಟಿದೆ, ನಮ್ಮ ತಂಗಿ ನೋಡಿ ಕೊಟ್ಟ ಎಲೆ ಇದು ಅಂತ ಮರಾಠಿಯಲ್ಲಿ ಅಂದುಬಿಟ್ರಂತೆ. ಟೀಚರ್ ಬಾಯಿ ಕೊಡೆ ಬಿಡಿಸಿಕೊಂಡು ಹೋದರು. ಮರುದಿನ ಹಲ್ಲಿನ ಡಾಕ್ಟರು ಪೊಟ್ಟಣ ಕಳಿಸಿದ್ರು. ಆಗ ಕಾಕಾ ಪೊಟ್ಟಣ ಬಿಚ್ಚಿ, ಪಕ್ಕದಲ್ಲಿ ಹೂ ಮಾರುವ ಮಾವಶಿಯ ಮೂಗಿನ ಕೆಳಗೆ ಹಿಡಿದ್ರು. ಆಕೆ ಮುಖ ತಿರುಗಿಸಿ, "ಡಾಂಬರ್ ಗೋಳಿ" ಅಂದಳು. ನುಸಿಗುಳಿಗೆಗೆ ಇಲ್ಲಿ ಹಾಗೇ ಹೇಳುವುದು.

ಕಾಕಾ ನನಗೆ ಫೋನಿನಲ್ಲಿ ಬೈಯಲಿಲ್ಲ. ಬಾ ಅಂದ್ರು. ಆಫೀಸಿಗೆ ಹಾಫ್ ಡೇ ಹಾಕಿ ಹೋದೆ. ಕೌಂಟರಿನ ಮೇಲೆ ಎರಡು ಪೊಟ್ಟಣ, ದಾರ ಬಿಚ್ಚಿದ್ದು. ಎಲ್ಲಿ ಇಟ್ಟಿದ್ದೆ ಅಂತ ಕೇಳಿದ್ರು, ಹೇಳಿದೆ. ಅವರು ನನ್ನನ್ನೇ ನೋಡ್ತಿದ್ರು. ಸೀರೆ ಕಪಾಟಿನಲ್ಲಿ ಇಟ್ಟದ್ದು ತಪ್ಪು, ಅದು ಮರೆವು ಅನ್ನಬಹುದು. ಆದ್ರೆ ಭಾನುವಾರ ಕುಡಿದಾಗ? ಅದನ್ನು ಅವರು ಕೇಳಲಿಲ್ಲ. ನಾನೇ ಹೇಳಿದೆ. ಜ್ವರ, ಖಾಡಿ, ಡಾಕ್ಟರು, ನಾಲ್ಕು ಬಾಟ್ಲಿ, ಎಲ್ಲ. ನಿಮಗೆ ಮೊದಲೇ ಗೊತ್ತಿರಬಹುದು ಅಂದುಕೊಂಡಿದ್ದೆ ಅಂತಲೂ ಅಂದೆ. ಹಾಗೆ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆಸೆ.

"ಇಲ್ಲವಾ. ಗೊತ್ತಿರಲಿಲ್ಲ" ಅಂದ್ರು. ಸ್ವಲ್ಪ ಹೊತ್ತು ಕೌಂಟರನ್ನು ಅಂಗೈಯಿಂದ ಒರೆಸಿದ್ರು. ಆಮೇಲೆ ಕೇಳಿದ್ದು ಇದು:

"ನನ್ನ ಬಾಯಾಗ ಏನೂ ಇರಲಿಲ್ಲ ತಂಗಿ. ನೀ ಹೇಳೂದು ಕೇಳಿ ಕೇಳಿ ನಾ ಕುಡೀತಿದ್ದೆ. ನೀ ದ್ರಾಕ್ಷಿ ಅಂದ್ರ ನಂಗ ದ್ರಾಕ್ಷಿ ಬರ್ತಿತ್ತು. ಮಾವಿನ ಹೂ ಅಂದ್ರ ಹೂ ಬರ್ತಿತ್ತು. ಅದೆಲ್ಲಾ ಸುಳ್ಳೇನು?"

ನಾನು ಹೌದು ಅಂದೆ.

"ಮಳಿ ಬಿದ್ದ ಚಿಕ್ಕು?"

ಅದು ಎಂಟು ವರ್ಷ ಹಿಂದಿನ ಪೋಸ್ಟಿನದ್ದು ಕಾಕಾ, ಅಂದೆ.

ರೋಗ ಅವರ ನಾಲಿಗೆ ತೆಗೆದಿತ್ತು. ಎರಡೂವರೆ ವರ್ಷ ಅವರ ಬಾಯಲ್ಲಿ ಉಳಿದಿದ್ದ ಚಾ ನನ್ನ ಮಾತಿನದ್ದು. ಅವತ್ತು ನಾನು ಅದನ್ನೂ ತೆಗೆದೆ. ಹೇಳದಿದ್ದರೆ ಪಾಪ, ಹೇಳಿದರೂ ಪಾಪ. ಗಂಡ ಹೇಳ್ತಾರೆ ಸತ್ಯ ಹೇಳಿದ ಮೇಲೆ ಹಗುರ ಆಗ್ತದೆ ಅಂತ. ಯಾರಿಗೆ ಆಗ್ತದೋ ಗೊತ್ತಿಲ್ಲ.

ಉಳಿದ ಒಂಬತ್ತು ಪೊಟ್ಟಣ ವಾಪಸ್ ತರಲಿಕ್ಕೆ ಕಾಕಾ ತಾವೇ ಮನೆಮನೆಗೆ ಹೋದರು. ನಾನು ಬರ್ತೇನೆ ಅಂದ್ರೆ ಬ್ಯಾಡ ಅಂದ್ರು. ಟೀಚರ್ ಬಾಯಿಯ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈ ಮುಗಿದ್ರಂತೆ. ಮಾವಶಿ ಹೇಳಿದಳು. ಆ ಎಲೆಯನ್ನೆಲ್ಲ ಅಂಗಡಿ ಎದುರಿನ ಗಟಾರಕ್ಕೆ ಸುರಿದದ್ದನ್ನೂ ಅವಳೇ ಹೇಳಿದ್ದು. ಗೋದಾಮಿನ ನೆಲದಿಂದ ಪುಡಿ ಆರಿಸಿ ತಂದವರು, ಚೀಲವನ್ನು ತಲೆಕೆಳಗು ಮಾಡಿ ಕೊಡವಿದ್ರಂತೆ.

ಈಗ ಮೇಲಿನ ಶೆಲ್ಫು ಖಾಲಿ. ಹೋದ ಚಳಿಗಾಲ ನೀಲಗಿರಿ ತರಿಸಲಿಲ್ಲ. ಮನೆಮನೆಯ ಮಿಕ್ಸ್ ಮಾತ್ರ, ಅರ್ಧ ಇದು, ಕಾಲು ಅದು. ಅದಕ್ಕೆ ಮೂಗೂ ಬೇಡ, ನಾಲಿಗೆಯೂ ಬೇಡ.

ನಾನು ಈಗಲೂ ಭಾನುವಾರ ಹೋಗ್ತೇನೆ. ಬೇರೆ ಎಲ್ಲಿ ಹೋಗಲಿ? ಕಾಕಾ ಬಾ ಅಂತಾರೆ, ಸ್ಟೂಲ್ ಒರೆಸಿ ಕೊಡ್ತಾರೆ, ಮಗಳು ಹೆಂಗಿದ್ದಾಳೆ ಕೇಳ್ತಾರೆ. ಒಂದು ಮಾತು ಗಟ್ಟಿಯಾಗಿ ಆಡಿಲ್ಲ. ಬಿಳಿ ಕಪ್ಪುಗಳನ್ನು ಕಾಗದದಲ್ಲಿ ಸುತ್ತಿ ಒಳಗೆ ಇಟ್ಟಿದ್ದಾರೆ. ಮೂಲೆಯ ಟಪರಿಯಿಂದ ಎರಡು ಗ್ಲಾಸ್ ಚಾ ತರಿಸ್ತಾರೆ, ಹಾಲು, ಶುಂಠಿ, ಮೂರು ಸಲ ಕುದಿಸಿದ್ದು. ಮೊನ್ನೆಯೂ ಇಬ್ಬರೂ ಕೂತು ಕುಡಿದೆವು. ಬಿಸಿ ಇತ್ತು, ಸಿಹಿ ಇತ್ತು. ಅಷ್ಟು ನನಗೆ ಗೊತ್ತಾಗ್ತದೆ. ಕಾಕಾನಿಗೆ ಬಿಸಿ ಮಾತ್ರ ಗೊತ್ತಾಗುವುದು.

ಗ್ಲಾಸ್ ಕೆಳಗಿಟ್ಟಾಗ ಅವರು ನನ್ನ ಮುಖ ನೋಡಿದ್ರು. ಅಭ್ಯಾಸ. ನಾನೂ ಕಾದೆ, ಅಭ್ಯಾಸವೇ. ಬಾಯಿ ತೆರೆದರು.

"ಸಕ್ರಿ ಸಾಕಾತೇನು?" ಅಂದ್ರು.

ಸಾಕು ಕಾಕಾ, ಅಂದೆ.